ಬರಿಂಕಕ್ಕೆ ಕೊಂಬು ಉಂಟಾ?

ನಮ್ಮವರ ಸೋದರಮಾವ ರುಚಿ ನೋಡದೆ ಬಿಟ್ಟ ಕಾಡುಪ್ರಾಣಿ ಯಾವುದಾದರೂ ಇದ್ದರೆ, ಅದು ಆ ದಿನ ಕಾಡಿನಲ್ಲಿ ಇರಲಿಲ್ಲ ಎಂದೇ ಅರ್ಥ! ಹೀಗೆಂದು ನಾನು ಹೇಳುತ್ತಿಲ್ಲ, ಅವರೇ ಹೇಳುವುದು. ಕೇಳಲು ಜನ ಸಿಕ್ಕಿದರೆ ಜನರಿಗೆ, ಸಿಗದಿದ್ದರೆ ತಮ್ಮ ಹಳೆಯ ಕಾರಿನ ಸ್ಟಿಯರಿಂಗಿಗೆ.

ಮಾವ ಅಹ್ಮದಿಯಲ್ಲಿ ಕ್ರೇನ್ ಆಪರೇಟರ್. ಕುವೈತಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಮದುವೆಯಾಗಲಿಲ್ಲ. ಯಾಕೆ ಎಂದು ಹೊಸಬರು ಯಾರಾದರೂ ಕೇಳಿದರೆ, "ಕ್ರೇನಿನ ಮೇಲೆ ಕೂತವನಿಗೆ ಹೆಣ್ಣು ಕಾಣುವುದು ಹೇಗೆ ಮಾರಾಯ್ರೆ? ಮೇಲಿಂದ ನೋಡಿದರೆ ಎಲ್ಲರದ್ದೂ ತಲೆ ಒಂದೇ ನಮೂನೆ" ಎಂದು ಮುಗಿಸಿಬಿಡುತ್ತಾರೆ. ಶುಕ್ರವಾರ ರಜೆ. ಅವತ್ತು ಮಧ್ಯಾಹ್ನ ಅಬು ಹಲೀಫಾದ ನಮ್ಮ ಫ್ಲಾಟಿನಲ್ಲಿ ಅವರ ಊಟ. ನಾನು ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಒಂದು ಶುಕ್ರವಾರವೂ ತಪ್ಪಿಲ್ಲ. ನನ್ನ ಕೋಳಿಸಾರನ್ನು ಹೊಗಳಿದ್ದೂ ಇಲ್ಲ!

"ಇದು ಕೋಳಿಯಾ? ಇದು ರೆಕ್ಕೆ ಅಂಟಿಸಿದ ಹತ್ತಿ ಮಾರಾಯ್ತಿ. ಮಸಾಲೆ ಪಾಪ ಎಷ್ಟು ಅಂತ ಕೆಲಸ ಮಾಡ್ತದೆ?" ಎನ್ನುತ್ತಲೇ ಮೂರನೆಯ ಸಲ ಬಡಿಸಿಕೊಳ್ಳುತ್ತಾರೆ. ಆಮೇಲೆ ಶುರು, ಅವರ ಪಟ್ಟಿ.

ಒಂದನೆಯದು ಬರಿಂಕ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಬರಿಂಕವೆಂದರೆ ಮೊಲದಷ್ಟೇ ಇರುವ, ಜಿಂಕೆಯ ಮರಿಯಂತೆ ಕಾಣುವ ಕಾಡಿನ ಪುಟ್ಟ ಪ್ರಾಣಿ. ಎರಡನೆಯದು ಕಾಡುಹಂದಿ. ಮೂರನೆಯದು ಮುಳ್ಳುಹಂದಿ. ನಾಲ್ಕನೆಯದು ಕಾಡುಕೋಳಿ. ಐದನೆಯ ಸ್ಥಾನ ಮೊಲಕ್ಕೆ, ಅದೂ ಹೋಗಲಿ ಪಾಪ ಎಂದು ಕೊಟ್ಟದ್ದು. ಬರೀ ಹೆಸರು ಹೇಳಿ ಬಿಡುವವರಲ್ಲ ನಮ್ಮ ಮಾವ. ಕಣ್ಣು ಅರ್ಧ ಮುಚ್ಚಿ, ಎಡಗೈಯಲ್ಲಿ ಗಾಳಿಯನ್ನೇ ಚಿವುಟಿ ತೋರಿಸುತ್ತಾರೆ.

"ಬರಿಂಕ ಅಂದ್ರೆ ಎಳೆ ಎಳೆ. ಬೆರಳು ತಾಗಿದ್ರೆ ಸಾಕು, ಬಿಡಿಸಿಕೊಂಡು ಬರ್ತದೆ. ಹಲ್ಲಿಗೆ ಕೆಲಸವೇ ಇಲ್ಲ. ಕಾಡುಹಂದಿ ಹಾಗಲ್ಲ. ಬಾಯಿಗಿಟ್ಟರೆ ಬೆಣ್ಣೆ, ಇಳಿದ ಮೇಲೆ ಗಂಟಲಲ್ಲಿ ಒಂದು ಸಣ್ಣ ತುರಿಕೆ. ಆ ತುರಿಕೆಯಲ್ಲಿ ಉಂಟು ಮಜಾ! ಮುಳ್ಳುಹಂದಿ ಚೂರು ಒಗರು. ಕಾಡುಕೋಳಿಯನ್ನು ಮಾತ್ರ ಮಳೆ ಶುರುವಾದಾಗಲೇ ತಿನ್ನಬೇಕು, ಬೇರೆ ಸಮಯದಲ್ಲಿ ಸಿಕ್ಕಿದರೂ ಮುಟ್ಲಿಕ್ಕಿಲ್ಲ."

ಇಲ್ಲಿನ ಶಾಲೆಯಲ್ಲಿ ಏಳನೇ ಕ್ಲಾಸಿನಲ್ಲಿರುವ ನನ್ನ ಮಗಳು ಎಲ್ಲ ಮಕ್ಕಳಂತೆ ಕನ್ನಡ ಕೇಳಿಸಿಕೊಂಡು ಹೆಚ್ಚಾಗಿ ಇಂಗ್ಲಿಷಿನಲ್ಲಿ ಉತ್ತರಿಸುವವಳು. "ಅಜ್ಜಾ, ದಟ್ಸ್ ಇಲ್ಲೀಗಲ್!" ಎಂದು ಒಮ್ಮೆ ಚಮಚ ಎತ್ತಿ ಎಚ್ಚರಿಸಿದಳು.

"ಈಗ ಇಲ್ಲೀಗಲ್ ಮಗಾ. ಯಾರೂ ಮಾಡಬಾರದು, ಮಾಡಿದವರನ್ನು ಒಳಗೆ ಹಾಕಬೇಕು. ಆದರೆ ನಾನು ತಿನ್ನುವಾಗ ನಂಗೆ ಎಂಟು ವರ್ಷ. ಎಂಟು ವರ್ಷದವನನ್ನು ಯಾವ ಪೊಲೀಸ್ ಹಿಡೀತಾನೆ?"

ಈ ಪಟ್ಟಿಗೆ ಒಂದು ಹಲಾಲ್ ಆವೃತ್ತಿಯೂ ಇದೆ ಎಂದರೆ ನೀವು ನಂಬಬೇಕು. ಮಾವನ ರೂಮಿನಲ್ಲಿ ಜೊತೆಗಿರುವವರು ಉಳ್ಳಾಲದ ಕಡೆಯ ಒಬ್ಬ ಬ್ಯಾರಿ ಕಾಕ. ಅವರೆದುರಿಗೆ ಮಾವ ಎರಡು ಮತ್ತು ಮೂರನೆಯ ಸ್ಥಾನಗಳನ್ನು ಮೆಲ್ಲಗೆ ಹಾರಿಸಿ, ಬರಿಂಕದಿಂದ ನೇರ ಕಾಡುಕೋಳಿಗೆ ಜಿಗಿಯುತ್ತಾರೆ. "ನಡುವೆ ಎರಡು ನಂಬರ್ ಎಲ್ಲಿ ಹೋಯ್ತು ಮಾರಾಯಾ?" ಎಂದು ಕಾಕ ಕೇಳಿದರೆ, "ಅದು ರಜೆಯಲ್ಲಿ ಊರಿಗೆ ಹೋಗಿದೆ ಕಾಕಾ" ಎನ್ನುತ್ತಾರೆ! ಫರ್ವಾನಿಯಾದಲ್ಲಿ ಹೋಟೆಲು ಇಟ್ಟಿರುವ ಭಟ್ಟರಿಗೆ ಇನ್ನೊಂದು ಆವೃತ್ತಿ. ಭಟ್ಟರು ಮೊಟ್ಟೆಯನ್ನೂ ಮುಟ್ಟದವರು. ಆದರೆ ಮಾವ ಹೋದರೆ ಗಲ್ಲದ ಮೇಲೆ ಕೈಯಿಟ್ಟು ಪಕ್ಕದಲ್ಲೇ ಕೂರುತ್ತಾರೆ. "ಪ್ರಾಣಿ ಯಾವುದು ಅಂತ ಹೇಳ್ಬೇಡಿ. ಕೊತ್ತಂಬರಿ ಎಷ್ಟು ಹುರಿದ್ರು, ಅದು ಹೇಳಿ" ಎನ್ನುತ್ತಾರೆ. ಮಾವ ಪ್ರಾಣಿಯ ಹೆಸರನ್ನು ನುಂಗಿಕೊಂಡು ಮಸಾಲೆಯನ್ನಷ್ಟೇ ವರ್ಣಿಸುತ್ತಾರೆ. ಯಾರ ಮನಸ್ಸನ್ನೂ ನೋಯಿಸದೆ ಬೇಟೆಯಾಡುವ ಇಂಥ ಬೇಟೆಗಾರ ಇನ್ನೆಲ್ಲಿ ಸಿಕ್ಕಾರು?

ನಾವೂ ನಮ್ಮ ಕೈಲಾದಷ್ಟು ಪ್ರಯತ್ನ ಮಾಡಿದೆವು. ಒಮ್ಮೆ ಜಮಿಯಾದಲ್ಲಿ, ಎಂದರೆ ಇಲ್ಲಿನ ಸಹಕಾರಿ ಅಂಗಡಿಯಲ್ಲಿ, ಮಂಜುಗಟ್ಟಿದ ಲಾವಕ್ಕಿ ಸಿಕ್ಕಿತು. ಆಸೆಯಿಂದ ತಂದು, ಹುರಿದು, ಬಡಿಸಿದೆ. ಮಾವ ಒಂದು ಕಾಲನ್ನು ಎತ್ತಿ ಬೆಳಕಿಗೆ ಹಿಡಿದರು.

"ಇದು ಯಾವತ್ತಾದರೂ ಕಾಡು ನೋಡಿದೆಯಾ?"

"ಫಾರ್ಮಿನದ್ದು ಮಾವ."

"ಹಾಗಾದ್ರೆ ಇದು ಕಾಡುಹಕ್ಕಿ ಅಲ್ಲ, ಇಕಾಮಾ ಇರುವ ಹಕ್ಕಿ. ನಮ್ಮ ಹಾಗೆ. ಪಾಪ, ಬಿಡು" ಎಂದು ತಟ್ಟೆಯ ಬದಿಗೆ ಸರಿಸಿ ಸಾರನ್ನು ಮಾತ್ರ ಉಂಡರು. ಇಲ್ಲಿ ವಾಸಕ್ಕೆ ಸರ್ಕಾರ ಕೊಡುವ ಪರವಾನಗಿ ಅದು, ಇಕಾಮಾ. ಅಂದಿನಿಂದ ನಮ್ಮ ಮನೆಯಲ್ಲಿ ಲಾವಕ್ಕಿಗೆ ಅದೇ ಹೆಸರು.

ಇಷ್ಟರವರೆಗೆ ನನಗೆ ಯಾವ ಸಂಶಯವೂ ಇರಲಿಲ್ಲ. ಸಂಶಯ ಹುಟ್ಟಿದ್ದು ಮರುಭೂಮಿಯಲ್ಲಿ.

ಮಾವನ ಹಳೆಯ ಮುದೀರ್, ಎಂದರೆ ಮೇಲಧಿಕಾರಿ, ಒಬ್ಬ ಕುವೈತಿ ಮುದುಕರು. ನಿವೃತ್ತರಾದರೂ ಮಾವನನ್ನು ಮರೆತಿಲ್ಲ. ಕಳೆದ ಮಾರ್ಚ್‌ನಲ್ಲಿ ಅವರು ಮರಳುಗಾಡಿನಲ್ಲಿ ಹಾಕಿದ್ದ ಡೇರೆಗೆ ನಮ್ಮೆಲ್ಲರನ್ನೂ ಊಟಕ್ಕೆ ಕರೆದರು. ಗಡಿಯಾಚೆಯ ಬಂಧು ಯಾರೋ ಧಬ್ ಕಳಿಸಿದ್ದರಂತೆ. ಧಬ್ ಎಂದರೆ ಮುಳ್ಳುಮುಳ್ಳಿನ ಬಾಲದ, ನಮ್ಮ ಉಡಕ್ಕೆ ದೂರದ ತಮ್ಮನಂತಿರುವ ಮರಳುಗಾಡಿನ ಪ್ರಾಣಿ. ದೊಡ್ಡ ಹರಿವಾಣದ ಅನ್ನದ ಮೇಲೆ ಅದು ಬಂದು ಕೂತಿತು.

"ಯಾ ಸದೀಕ್, ಗೆಳೆಯಾ!" ಎಂದರು ಮುದುಕರು, ಅರಬ್ಬಿಗೆ ಹಿಂದಿ ಬೆರೆಸಿ. "ನಿನ್ನ ಕಾಡಿನ ಕಥೆ ನಾನು ಇಪ್ಪತ್ತು ವರ್ಷ ಕೇಳಿದ್ದೇನೆ. ಇವತ್ತು ನನ್ನ ಮರಳಿನದ್ದನ್ನು ತಿನ್ನು. ತೀರ್ಪು ಹೇಳು. ಯಲ್ಲಾ!"

ಎಲ್ಲರ ಕಣ್ಣೂ ಮಾವನ ಮೇಲೆ. ಮಾವ ಒಂದು ತುಂಡನ್ನು ಹಿಡಿದುಕೊಂಡರು. ನೋಡಿದರು. ಹೊರಗೆ ಆಡುತ್ತಿದ್ದ ಮಗಳನ್ನು ಕರೆಯಲೆಂದು ನಾನು ಎದ್ದು ಹೋದೆ. ಡೇರೆಯನ್ನು ಸುತ್ತಿ ಹಿಂದೆ ಬರುತ್ತೇನೆ, ಕೈ ತೊಳೆಯುವ ನೆಪದಲ್ಲಿ ಹೊರಬಂದಿದ್ದ ನಮ್ಮ ಮಹಾ ಬೇಟೆಗಾರರು ಮುದುಕರ ಬೇಟೆನಾಯಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಕರವಸ್ತ್ರದಲ್ಲಿ ಸುತ್ತಿದ್ದನ್ನು ಬಿಚ್ಚಿ ಅದರ ಬಾಯಿಗೆ ಕೊಡುತ್ತಿದ್ದಾರೆ! ನನ್ನನ್ನು ನೋಡಲಿಲ್ಲ. ಒಳಗೆ ಹೋಗಿ, ಮೀಸೆ ಒರೆಸಿಕೊಂಡು, ಗಂಭೀರವಾಗಿ "ಆರನೆಯ ಸ್ಥಾನ" ಎಂದು ಘೋಷಿಸಿದರು. ಮೊಲದ ನಂತರ ತಮ್ಮದೇ ಎಂದು ತಿಳಿದು ಮುದುಕರಿಗೆ ಎಷ್ಟು ಖುಷಿಯಾಯಿತೆಂದರೆ, ಮಾವನ ಹಣೆಗೆ ಮುತ್ತಿಟ್ಟರು. ನಾಯಿ ಮಾತ್ರ ಹೊರಗೆ ಇನ್ನೂ ಬಾಲ ಆಡಿಸುತ್ತಿತ್ತು. ಅದರ ಪಟ್ಟಿಯಲ್ಲಿ ಧಬ್‌ಗೆ ಮೊದಲನೆಯ ಸ್ಥಾನವೇ ಇರಬೇಕು.

ಮುಳ್ಳುಹಂದಿಯನ್ನೂ ಬಿಡದವರಿಗೆ ಧಬ್ ಯಾಕೆ ಬೇಡವಾಯಿತು? ಈ ಪ್ರಶ್ನೆ ನನ್ನ ತಲೆಯೊಳಗೆ ಕೂತುಬಿಟ್ಟಿತು. ಮುಂದಿನ ಶುಕ್ರವಾರ ಮಗಳು, "ಅಜ್ಜಾ, ಬರಿಂಕ ಡ್ರಾ ಮಾಡಿ" ಎಂದಳು. ಮಾವ ಹುಮ್ಮಸ್ಸಿನಿಂದ ಟಿಶ್ಯೂ ಕಾಗದದ ಮೇಲೆ ಬರೆದರು. ನಾಲ್ಕು ಕಾಲು, ಗಿಡ್ಡ ಬಾಲ, ತಲೆಯ ಮೇಲೆ ಎರಡು ಚಂದದ ಕೊಂಬು. ಮಗಳು ಫೋನಿನಲ್ಲಿ ಹುಡುಕಿದಳು. "ನೋ ಹಾರ್ನ್ಸ್, ಅಜ್ಜಾ!"

"ಅದು ಹೆಣ್ಣು ಬರಿಂಕದ ಫೋಟೋ."

"ಗಂಡಿಗೂ ಇಲ್ಲ. ಇಲ್ಲಿ ಬರೆದಿದೆ."

ಮಾವ ಫೋನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ನಮ್ಮೂರಿನದ್ದಕ್ಕೆ ಇತ್ತು" ಎಂದರು. ಅವತ್ತು ಪಾಯಸಕ್ಕೂ ನಿಲ್ಲದೆ, ಕಾರಿಗೆ ಸರ್ವಿಸ್ ಮಾಡಿಸಲಿಕ್ಕುಂಟು ಎಂದು ಹೊರಟೇಬಿಟ್ಟರು. ಶುಕ್ರವಾರ ಮಧ್ಯಾಹ್ನ ಯಾವ ಗ್ಯಾರೇಜು ತೆರೆದಿರುತ್ತದೆ? ನನಗೆ ಸ್ವಲ್ಪ ಪಾಪ ಅನ್ನಿಸಿತು. ಆದರೆ ನಿಜ ಹೇಳುತ್ತೇನೆ, ಪಾಪಕ್ಕಿಂತ ಪತ್ತೇದಾರಿಕೆಯ ಉತ್ಸಾಹವೇ ಹೆಚ್ಚಾಗಿತ್ತು. ಈ ಮನುಷ್ಯ ಬರಿಂಕವನ್ನು ಕಂಡೇ ಇಲ್ಲ!

ಸಾಕ್ಷಿ ಹೇಳಲಿಕ್ಕೋ ಎಂಬಂತೆ ಅದೇ ತಿಂಗಳ ಕೊನೆಗೆ ನಮ್ಮ ಅತ್ತೆ ವಿಸಿಟ್ ವೀಸಾದಲ್ಲಿ ಬಂದಿಳಿದರು. ಅತ್ತೆಯೆಂದರೆ ನಮ್ಮವರ ತಾಯಿ, ಮಾವನ ಒಬ್ಬರೇ ಅಕ್ಕ. ಮಾವನಿಗಿಂತ ಏಳು ವರ್ಷ ದೊಡ್ಡವರು. ಮಂಡಿನೋವಿನವರು, ಊರಿನ ಮನೆಯ ಮೂರು ಮೆಟ್ಟಿಲನ್ನೇ ಲೆಕ್ಕ ಹಾಕಿ ಹತ್ತುವವರು. "ತಮ್ಮನಿರುವ ದೇಶವನ್ನು ಒಂದು ಸಲ ನೋಡಿಬಿಡ್ತೇನೆ" ಎಂದು ಹಟ ಹಿಡಿದು ಬಂದಿದ್ದರು. ಅವರಿಬ್ಬರೂ ಮಾತಾಡುವುದು ತುಳುವಿನಲ್ಲಿ. ನಿಮಗೆ ತಿಳಿಯಲೆಂದು ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

ಮೊದಲ ಶುಕ್ರವಾರವೇ ಊಟದ ನಡುವೆ ಪ್ರಶ್ನೆ ಎಸೆದೆ. "ಅತ್ತೇ, ಬರಿಂಕಕ್ಕೆ ಕೊಂಬು ಉಂಟಾ?"

ಮಾವನ ಕೈ ತಟ್ಟೆಯಲ್ಲೇ ನಿಂತಿತು. ಅತ್ತೆ ನನ್ನ ಮುಖ ನೋಡಿದರು, ತಮ್ಮನ ಮುಖ ನೋಡಿದರು.

"ಉಂಟು" ಎಂದರು. "ಎರಡು ಉಂಟು. ಇಷ್ಟಿಷ್ಟು ಉದ್ದ."

ಮಾವ ಗೆದ್ದವರಂತೆ ಮಗಳ ಕಡೆ ನೋಡಿದರು. ನಾನು ಸೋತೆನೇ? ಅಷ್ಟು ಸುಲಭವಾಗಿ ಸೋಲುವವಳಲ್ಲ. ಮಾವ ಹೋದ ಮೇಲೆ ಪಾತ್ರೆ ತೊಳೆಯುತ್ತಾ, "ಅತ್ತೇ, ನೀವು ನಿಜವಾಗಿ ನೋಡಿದ್ದೀರಾ?" ಎಂದೆ. ಅವರು ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಟ್ಟು, ಬಾಗಿಲ ಕಡೆ ಒಮ್ಮೆ ನೋಡಿ, ಸ್ಟೂಲಿನ ಮೇಲೆ ಕೂತರು.

"ನಾನೂ ನೋಡ್ಲಿಲ್ಲ, ಅವನೂ ನೋಡ್ಲಿಲ್ಲ. ನೀನು ಯಾರ ಹತ್ರವೂ ಹೇಳಬಾರದು."

ಆಗ ಊರಿನಲ್ಲಿ ಗಂಡಸರು ಸೇರಿ ಬೇಟೆಗೆ ಹೋಗುತ್ತಿದ್ದರಂತೆ. ಸಿಕ್ಕಿದ್ದನ್ನು ಪಾಲು ಹಾಕುವರು. ಬೇಟೆಗೆ ಜನ ಕಳಿಸಿದ ಮನೆಗೆ ಒಂದು ಪಾಲು, ನಾಯಿ ಕಳಿಸಿದ ಮನೆಗೂ ಒಂದು ಪಾಲು. ಇವರ ತಂದೆ ತೀರಿಹೋದ ಮೇಲೆ ಮನೆಯಲ್ಲಿ ಗಂಡಸಿಲ್ಲ, ನಾಯಿಯೂ ಇಲ್ಲ. ತಾಯಿ ಬೆಳಿಗ್ಗೆ ಗದ್ದೆ ಕೆಲಸಕ್ಕೆ ಹೋದರೆ ಸಂಜೆಗೇ ಬರುವುದು. ಪಾಲು ನಿಂತುಹೋಯಿತು. ಅದರಿಂದ ಯಾರೂ ಸಾಯುವುದಿಲ್ಲ, ನಿಜ. ಆದರೆ ಸೋಮವಾರ ಶಾಲೆಯಲ್ಲಿ ಹುಡುಗರೆಲ್ಲ ಅಂಗೈ ಚಾಚಿ, "ಮೂಸಿ ನೋಡು, ನಮ್ಮಲ್ಲಿ ನಿನ್ನೆ ಎಂತ" ಎಂದು ಒಬ್ಬರಿಗೊಬ್ಬರು ಮೂಸಿಸುವುದಂತೆ. ಎಂಟು ವರ್ಷದ ತಮ್ಮ ಕೈಯನ್ನು ಚಡ್ಡಿಯ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದು ಅತ್ತನಂತೆ.

"ಮುಂದಿನ ಭಾನುವಾರ ನಾನು ಗುಜ್ಜೆ ಕೊಯ್ದು ತಂದೆ. ಅಮ್ಮ ಹಂದಿಗೆ ಹಾಕುತ್ತಿದ್ದ ಮಸಾಲೆ ಗೊತ್ತಿತ್ತಲ್ಲ, ಅದನ್ನೇ ಹುರಿದು ಅರೆದೆ. 'ತಮ್ಮಾ, ಬರಿಂಕದ ಪಾಲು ಬಂತು' ಅಂದೆ. ಕುಣಿದ. ಮರುದಿನ ಬೆಳಿಗ್ಗೆಯವರೆಗೆ ಕೈ ತೊಳೀಲಿಲ್ಲ."

ಗುಜ್ಜೆಯೆಂದರೆ ಎಳೆ ಹಲಸಿನಕಾಯಿ. ನನಗೆ ಒಂದೊಂದಾಗಿ ಬೆಳಕಾಗತೊಡಗಿತು. "ಹಾಗಾದ್ರೆ ಕಾಡುಹಂದಿ?"

"ಸುವರ್ಣಗಡ್ಡೆ."

ಅಯ್ಯೋ ದೇವರೇ! ಗಂಟಲಿನ ಆ ತುರಿಕೆ! "ಮುಳ್ಳುಹಂದಿ?"

"ಬಾಳೆಕಾಯಿ. ಕಾಡುಕೋಳಿ ಅಂದ್ರೆ ಮೊದಲ ಮಳೆಗೆ ಏಳುವ ಕಲ್ಲಣಬೆ."

"ಮೊಲ?"

"ಸೋರೆಕಾಯಿ" ಎಂದರು ಅತ್ತೆ ನಾಚಿಕೆಯಿಂದ. "ಅದು ಸರಿ ಬರಲಿಲ್ಲ."

ನಾನು ನಕ್ಕೂ ನಕ್ಕೂ ಸಿಂಕಿಗೆ ಒರಗಿಕೊಂಡೆ. ಅತ್ತೆ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದರು.

"ತಂದೆಯಿಲ್ಲದ ಮಗುವಿಗೆ ಸುಳ್ಳು ತಿನ್ನಿಸಿಬಿಟ್ಟೆ. ಮುಂದೆ ದೊಡ್ಡವನಾದ ಮೇಲೆ ಹೇಳುವ ಅಂದುಕೊಂಡೆ. ದೊಡ್ಡವನಾಗಿ ಇಲ್ಲಿಗೆ ಬಂದ. ಊರಿಂದ ಇಲ್ಲಿಗೆ ಬಂದುಹೋದವರೆಲ್ಲ ಹೇಳ್ತಾರೆ, ನಿಮ್ಮ ತಮ್ಮ ಈಗಲೂ ಆ ಕಾಡುಮಾಂಸದ ಸುದ್ದಿಯೇ ಮಾತಾಡುವುದು ಅಂತ. ಕೇಳಿದಾಗೆಲ್ಲ ಮಾತು ಬದಲಿಸಿ ಒಳಗೆ ಹೋಗ್ತೇನೆ. ನಾಲ್ಕು ಜನರ ಮುಂದೆ ಯಾರಾದ್ರೂ ಅವನನ್ನು ಸುಳ್ಳ ಅಂದರೆ? ಅವನದ್ದಲ್ಲವಲ್ಲ ಸುಳ್ಳು, ನನ್ನದು."

ಟಿಶ್ಯೂ ಕಾಗದದ ಮೇಲಿನ ಎರಡು ಕೊಂಬು ನೆನಪಾಗಿ ನನ್ನ ನಗು ಅಲ್ಲಿಗೇ ನಿಂತಿತು. ಹೇಳುವುದಿಲ್ಲ ಎಂದು ಅವರ ಕೈ ಹಿಡಿದು ಮಾತು ಕೊಟ್ಟೆ. ಮುಂದಿನ ಮೂರು ಶುಕ್ರವಾರ ಮಾವನ ಪಟ್ಟಿಯನ್ನು ತಲೆಯಾಡಿಸುತ್ತಾ ಕೇಳಿದೆ. ಅತ್ತೆ ಆ ಹೊತ್ತಿಗೆ ಸರಿಯಾಗಿ ನೀರು ತರಲೆಂದು ಏಳುತ್ತಿದ್ದರು.

ಅತ್ತೆ ಹೊರಡುವುದು ಶನಿವಾರ. ಗುರುವಾರ ಸಂಜೆ ನಾನು ಕೆಲಸ ಮಾಡುವ ಕ್ಲಿನಿಕ್ಕಿನಿಂದಲೇ ನನ್ನನ್ನು ಮಾವ ಫರ್ವಾನಿಯಾಕ್ಕೆ ಕರೆದುಕೊಂಡು ಹೋದರು, ಅಕ್ಕನಿಗೆ ಕಂಬಳಿ, ಖರ್ಜೂರ, ಮಂಡಿಗೆ ಹಚ್ಚುವ ಎಣ್ಣೆ ಎಲ್ಲ ಕೊಳ್ಳಲು. ಕೊನೆಗೆ ಮಲಯಾಳಿಯೊಬ್ಬರ ತರಕಾರಿ ಅಂಗಡಿಯ ಮುಂದೆ ನಿಂತರು. ಬುಟ್ಟಿಯಲ್ಲಿ ಗುಜ್ಜೆ ಇತ್ತು. ಒಂದೊಂದನ್ನೇ ಎತ್ತಿ, ಉಗುರು ಒತ್ತಿ ನೋಡಿ, ಎಳೆಯದೊಂದನ್ನು ಆರಿಸಿದರು.

ನಾನು ಗುಜ್ಜೆಯನ್ನೇ ನೋಡುತ್ತಿದ್ದೆ. ನನ್ನ ಮುಖದಲ್ಲಿ ಏನು ಕಂಡಿತೋ.

"ಅಕ್ಕ ನಿನ್ನ ಹತ್ರ ಹೇಳಿದ್ದಾಳೆ" ಎಂದರು ಮಾವ.

"ಎಂತದ್ದು ಮಾವ?" ಎಂದೆ. ಸುಳ್ಳು ಹೇಳುವುದರಲ್ಲಿ ನಾನು ಆ ಮನೆಯವರ ಕಾಲಿನ ಧೂಳಿಗೂ ಸಮವಲ್ಲ.

"ನಂಗೆ ಮೊದಲ ದಿನವೇ ಗೊತ್ತಿತ್ತು ಮಾರಾಯ್ತಿ. ಗುಜ್ಜೆ ಕೊಯ್ದರೆ ಕೈಗೆ ಮೇಣ ಹಿಡೀತದಲ್ಲ? ಅಕ್ಕ ಬಾವಿಕಟ್ಟೆಯ ಹತ್ರ ಕೂತು ತೆಂಗಿನೆಣ್ಣೆ ಹಾಕಿ ಉಜ್ಜಿ ಉಜ್ಜಿ ತೆಗೀತಿದ್ದಳು. ನಾನು ಆಟ ಮುಗಿಸಿ ಬಂದು ಹಿಂದೆ ನಿಂತಿದ್ದೆ. ಬರಿಂಕಕ್ಕೆ ಮೇಣ ಇರ್ತದಾ?"

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮತ್ತೆ ಮಾಡ್ತಿದ್ದಳಾ?" ಎಂದರು. ಗುಜ್ಜೆಯನ್ನು ಚೀಲಕ್ಕೆ ಹಾಕಿಸಿಕೊಂಡು ಕಾರಿನ ಕಡೆ ನಡೆಯುತ್ತಾ, "ಕ್ಲಾಸಿನಲ್ಲಿ ಎಲ್ಲರಿಗೂ ಮೂಸಿಸಿದ್ದೇನೆ. ಒಬ್ಬನಿಗೂ ಗೊತ್ತಾಗ್ಲಿಲ್ಲ. ಅಂಥ ಕೈ ಅವಳದ್ದು. ಇಲ್ಲಿ ನಮ್ಮ ಊರಿನವರು ಎಷ್ಟು ಜನ ಇದ್ದಾರೆ, ಯಾರಾದ್ರೂ ಒಬ್ಬರು ರಜೆಯಲ್ಲಿ ಹೋದಾಗ ಅವಳಿಗೆ ಹೇಳ್ತಾರೆ, ನಿಮ್ಮ ತಮ್ಮ ಇನ್ನೂ ಆ ರುಚಿ ಮರೆತಿಲ್ಲ ಅಂತ. ಅವಳಿಗೆ ಸಂತೋಷ ಆಗ್ತದಲ್ಲ. ಅದಕ್ಕೇ ಹೇಳ್ತಾ ಇರುವುದು" ಎಂದರು.

ಒಬ್ಬರು ಸಂತೋಷವಾಗಲಿ ಎಂದು ಮೂವತ್ತು ವರ್ಷ ಕಳಿಸಿದ್ದು ಇನ್ನೊಬ್ಬರಿಗೆ ಸಂಕಟವಾಗಿ ತಲುಪಿದೆ! ಅತ್ತೆಗೆ ಕೊಟ್ಟ ಮಾತು ಒಂದು ಕಡೆ. ಇನ್ನೊಂದು ಕಡೆ ಮಾವನೂ ಕಾರು ಸ್ಟಾರ್ಟ್ ಮಾಡುವ ಮೊದಲು, "ಅಕ್ಕನಿಗೆ ಹೇಳಬೇಡ, ಖಲಾಸ್" ಎಂದುಬಿಟ್ಟರು. ಅಬು ಹಲೀಫಾ ಬರುವವರೆಗೆ ಯೋಚಿಸಿದೆ. ನಮ್ಮ ಕಟ್ಟಡದ ಕೆಳಗೆ ಇಳಿಯುವಾಗ ಒಂದೇ ಒಂದು ಮಾತು ಹೇಳಿದೆ.

"ಮಾವ, ಅತ್ತೆಗೆ ಅದನ್ನು ಕೇಳಿದರೆ ಸಂತೋಷ ಆಗುವುದಿಲ್ಲ. ಹೆದರಿಕೆ ಆಗ್ತದೆ."

ಮಾವ ಸ್ಟಿಯರಿಂಗ್ ಹಿಡಿದುಕೊಂಡೇ ಕೂತರು. ಮೇಲೆ ಬರಲಿಲ್ಲ.

ಮರುದಿನ ಮಧ್ಯಾಹ್ನ ಅತ್ತೆಯೇ ಅಡುಗೆ ಮಾಡಿದರು. ಗುಜ್ಜೆಯನ್ನು ನೋಡಿ ಒಂದು ಕ್ಷಣ ತಡವರಿಸಿದರಾದರೂ, "ಅವನೇ ತಂದನಾ?" ಎಂದಷ್ಟೇ ಕೇಳಿ ಕೊತ್ತಂಬರಿ ಹುರಿಯಲು ಕೂತರು. ಮಾವ ಬಂದರು. ಎಂದಿನಂತೆ ಗಲಾಟೆಯಿಲ್ಲ. ಬಡಿಸಿದ್ದಾಯಿತು. ಮಗಳು ಬಟ್ಟಲಿನೊಳಗೆ ಇಣುಕಿ, "ವಾಟ್ ಈಸ್ ದಿಸ್?" ಎಂದಳು.

ಅತ್ತೆ ತಮ್ಮನ ಕಡೆ ನೋಡಿದರು.

"ಗುಜ್ಜೆ ಮಗಾ" ಎಂದರು ಮಾವ. "ಲೋಕದಲ್ಲಿ ಇದಕ್ಕಿಂತ ರುಚಿ ಯಾವ ಮಾಂಸಕ್ಕೂ ಇಲ್ಲ. ನಾನು ಎಂಟು ವರ್ಷದವನಿರುವಾಗಲೇ ತಿಂದು ನೋಡಿದ್ದೇನೆ."

ಅತ್ತೆ ಹಾಗೇ ಕುರ್ಚಿಯ ಮೇಲೆ ಕೂತುಬಿಟ್ಟರು. "ನಿನಗೆ ಗೊತ್ತಿತ್ತಾ ತಮ್ಮಾ?"

"ಗೊತ್ತಿತ್ತು."

"ಯಾವಾಗಿಂದ?"

"ಗೊತ್ತಿದ್ದೇ ತಿಂದದ್ದು ಅಕ್ಕಾ. ನಂಗೆ ಬೇರೆಯದೂ ಗೊತ್ತುಂಟು. ಪಾತ್ರೆಯ ತಳ ಕಾಣುವವರೆಗೆ ನಂಗೆ ಬಡಿಸಿ, ನೀನು ಗಂಜಿಗೆ ಉಪ್ಪಿನಕಲ್ಲು ಹಾಕಿ ಕುಡೀತಿದ್ದೆ. 'ನಂಗೆ ಕಾಡುಮಾಂಸ ಸೇರುವುದಿಲ್ಲ' ಅಂತಿದ್ದೆ. ಗುಜ್ಜೆ ಸೇರದವರು ನಮ್ಮ ಊರಿನಲ್ಲಿ ಯಾರಿದ್ದಾರೆ? ನಾನು ಎಲ್ಲ ತಿಂದೆ. ಒಂದು ತುಂಡು ಇಡಬೇಕು ಅಂತ ಗೊತ್ತಿತ್ತು. ಇಡಲಿಲ್ಲ. ಹಸಿವೆ ಇತ್ತು ಅಕ್ಕಾ."

ಅರವತ್ತು ದಾಟಿದ ಮನುಷ್ಯ, ಆಕಾಶದೆತ್ತರಕ್ಕೆ ಕಬ್ಬಿಣ ಎತ್ತಿಡುವವರು, ತಮ್ಮ ತಟ್ಟೆಯಿಂದ ದೊಡ್ಡ ತುಂಡೊಂದನ್ನು ಆರಿಸಿ ಅಕ್ಕನ ತಟ್ಟೆಗೆ ಹಾಕಿದರು. ಇನ್ನೊಂದು ಹಾಕಿದರು. "ತಿನ್ನು" ಎಂದರು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಒಂದು ತುಂಡನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದರು. ನಾವೆಲ್ಲ ಅವರನ್ನೇ ನೋಡುತ್ತಿದ್ದೆವು.

"ಉಪ್ಪು ಸ್ವಲ್ಪ ಕಮ್ಮಿ ಆಗಿದೆ" ಎಂದರು.

"ಆಗಲೂ ಕಮ್ಮಿಯೇ ಇತ್ತು" ಎಂದರು ಮಾವ.

ಅತ್ತೆ ಅಳುತ್ತಲೇ ನಗತೊಡಗಿದರು. ನಾನು ಉಪ್ಪು ತರುತ್ತೇನೆಂದು ಒಳಗೆ ಹೋದೆ. ಉಪ್ಪಿನ ಡಬ್ಬಿ ಕಣ್ಣೆದುರಿಗೇ ಇತ್ತು. ಹಿಡಿದುಕೊಂಡು ಅಲ್ಲೇ ನಿಂತೆ, ನನ್ನ ಕಣ್ಣು ಸರಿಯಾಗುವವರೆಗೆ.